ಹಳೆಯ ಆಟೋಮ್ಯಾಟಿಕ್ ಕಾರು: ಗೇರ್‌ಬಾಕ್ಸ್ ಇಳಿಸುವ ಮುನ್ನ

"ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಲೇಬೇಕು." ಹಳೆಯ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಈ ಮಾತು ಕೇಳುತ್ತಾರೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಬಾನೆಟ್ ಕೂಡ ತೆರೆಯದೆ, ಬೀದಿಯ ತುದಿಯವರೆಗೆ ಓಡಿಸಿ ಬಂದು ಹೇಳಿದ ಮಾತಾಗಿದ್ದರೆ ಅದನ್ನು ಒಪ್ಪಿಕೊಳ್ಳಬೇಡಿ. ನಮ್ಮ ಊರುಗಳ ಬಹುತೇಕ ಮೆಕ್ಯಾನಿಕ್‌ಗಳು ಕ್ಲಚ್ ಪೆಡಲ್ ಇರುವ ಕಾರುಗಳ ಜೊತೆ ಬೆಳೆದವರು. ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಪಳಗಿದ ಕೈಯೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮುಂದೆ ಸ್ವಲ್ಪ ಹಿಂಜರಿಯುತ್ತದೆ. ಹಿಂಜರಿದವರಿಗೆ ಎರಡು ದಾರಿ ಸುಲಭ: "ಎಣ್ಣೆ ಬದಲಿಸಿ ನೋಡೋಣ" ಅಥವಾ "ಪೂರ್ತಿ ಇಳಿಸೋಣ". ಈ ಎರಡರ ನಡುವೆ ಮಾಡಬೇಕಾದ ತಪಾಸಣೆ ಬೇಕಾದಷ್ಟಿದೆ. ಅದರಲ್ಲಿ ಹೆಚ್ಚಿನದನ್ನು ಮಾಲೀಕರೇ ಮಾಡಬಹುದು.

ಪಾಲಿಸಬೇಕಾದ ಕ್ರಮ ಒಂದೇ. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಪರೀಕ್ಷೆ ಕೊನೆಗೆ. ಹೊರಗಿನ ಭಾಗಗಳನ್ನು ನೋಡಿ ಮುಗಿಸಿದ ಮೇಲೆ ಒಳಗಿನವು.

ನಿಮ್ಮದು ಯಾವ ಜಾತಿಯ ಆಟೋಮ್ಯಾಟಿಕ್?

ಎಡಗಾಲಿಗೆ ಕೆಲಸವಿಲ್ಲದ ಕಾರನ್ನೆಲ್ಲ ನಾವು ಆಟೋಮ್ಯಾಟಿಕ್ ಎನ್ನುತ್ತೇವೆ. ಒಳಗಿರುವುದು ನಾಲ್ಕು ಬೇರೆ ಬೇರೆ ಯಂತ್ರಗಳು. ಒಂದೇ ಹೆಸರಿನ ಕಾರಿನಲ್ಲೂ ಇದು ಬದಲಾಗುತ್ತದೆ. ಹೋಂಡಾ ಸಿಟಿಯನ್ನೇ ನೋಡಿ: 2003ರ ಪೀಳಿಗೆಯಲ್ಲಿ ಸಿವಿಟಿ ಇತ್ತು, 2008ರ ಪೀಳಿಗೆಯಲ್ಲಿ ಐದು ಗೇರ್‌ಗಳ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಜಾತಿ) ಬಂತು, 2014ರಲ್ಲಿ ಮತ್ತೆ ಸಿವಿಟಿ. ಸಿವಿಟಿಯಲ್ಲಿ ಗೇರ್‌ಗಳೇ ಇಲ್ಲ. ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಇದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂದ ಎಎಂಟಿ ನಿಜಕ್ಕೂ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ ಕೆಲಸವನ್ನು ನಿಮ್ಮ ಬದಲು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಗೇರ್ ಲಿವರ್‌ನಲ್ಲಿ 'ಪಿ' ಸ್ಥಾನವೇ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಎಎಂಟಿ. 1.2 ಲೀಟರ್ ಎಂಜಿನ್ನಿನ ಪೋಲೊ ಜಿಟಿ ಟಿಎಸ್‌ಐನಂಥ ಕಾರುಗಳಲ್ಲಿ ಇರುವುದು ಎರಡು ಕ್ಲಚ್‌ಗಳ ಡಿಎಸ್‌ಜಿ.

ಈ ಬರಹ ಟಾರ್ಕ್ ಕನ್ವರ್ಟರ್ ಜಾತಿಯದ್ದು. ಮೂರೇ ಗೇರ್‌ಗಳಿದ್ದ ಮಾರುತಿ ಜೆನ್ ಆಟೋಮ್ಯಾಟಿಕ್, ನಾಲ್ಕು ಗೇರ್‌ಗಳ ಹ್ಯುಂಡೈ ಐ10, ಹಳೆಯ ಟೊಯೊಟಾ ಕೊರೊಲ್ಲಾ, ಮೇಲೆ ಹೇಳಿದ 2008ರ ಸಿಟಿ, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಬೇರೆ ಜಾತಿಯ ಕಾರಿನವರಿಗೆ ಎಣ್ಣೆಯ ಸೋರಿಕೆ, ಬ್ಯಾಟರಿ, ಎಂಜಿನ್ ಕೂರುವ ರಬ್ಬರ್ ಮೌಂಟ್, ಸ್ಕ್ಯಾನರ್ ಭಾಗಗಳು ಉಪಯೋಗಕ್ಕೆ ಬರುತ್ತವೆ. ಹೆಜ್ಜೆ 7ರ ಸ್ಟಾಲ್ ಪರೀಕ್ಷೆಯನ್ನು ಮಾತ್ರ ಅವರು ಮಾಡಲೇಬಾರದು.

ಮ್ಯಾನ್ಯುಯಲ್ ಕಾರಿನಲ್ಲಿ ಕ್ಲಚ್ ಒತ್ತುವುದು ನಿಮ್ಮ ಎಡಗಾಲು. ಇಲ್ಲಿ ಆ ಕಾಲು ಎಣ್ಣೆ. ಎಂಜಿನ್ ತಿರುಗುವಾಗ ಗೇರ್‌ಬಾಕ್ಸಿನ ಪಂಪ್ ಎಣ್ಣೆಗೆ ಒತ್ತಡ ಕೊಡುತ್ತದೆ. ವಾಲ್ವ್ ಬಾಡಿ ಎಂಬ ಚಕ್ರವ್ಯೂಹದಂಥ ಓಣಿಗಳ ತಟ್ಟೆ ಆ ಒತ್ತಡವನ್ನು ಯಾವ ಕ್ಲಚ್‌ಗೆ ಯಾವಾಗ ಕಳಿಸಬೇಕೆಂದು ನಿರ್ಧರಿಸುತ್ತದೆ. ಅದರ ಬಾಗಿಲು ತೆರೆದು ಮುಚ್ಚುವುದು ಕರೆಂಟಿನಿಂದ ಕೆಲಸ ಮಾಡುವ ಸೊಲೆನಾಯ್ಡ್‌ಗಳು, ಅವುಗಳಿಗೆ ಅಪ್ಪಣೆ ಕೊಡುವುದು ಕಂಪ್ಯೂಟರ್. ಹೀಗಾಗಿ ಲಕ್ಷಣ ಒಂದೇ ಆಗಿದ್ದರೂ ಕಾರಣ ಎಣ್ಣೆಯಲ್ಲಿರಬಹುದು, ವಾಲ್ವ್‌ನಲ್ಲಿರಬಹುದು, ತಂತಿಯಲ್ಲಿರಬಹುದು, ಸವೆದ ಕ್ಲಚ್ ಪ್ಲೇಟಿನಲ್ಲೂ ಇರಬಹುದು.

ಹೆಜ್ಜೆ 1: ಲಕ್ಷಣವನ್ನು ಬರೆದಿಡಿ

"ಗೇರ್ ಸರಿಯಾಗಿ ಬೀಳುತ್ತಿಲ್ಲ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಂದು ವಾರ ಕಾರಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಂಡು ಇಷ್ಟನ್ನು ಬರೆಯಿರಿ: ತೊಂದರೆ ಬೆಳಗಿನ ಮೊದಲ ಓಟದಲ್ಲೋ, ಅರ್ಧ ಗಂಟೆ ಓಡಿದ ಮೇಲೋ? ಎಲ್ಲ ಗೇರ್‌ಗಳಲ್ಲೋ, ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರವೋ? ರಿವರ್ಸ್ ಸರಿಯಿದೆಯೇ? ಏರಿನಲ್ಲೋ, ಸಮತಟ್ಟಿನಲ್ಲೋ?

ಬಿಸಿ ಮತ್ತು ತಣ್ಣಗಿನ ವ್ಯತ್ಯಾಸದಲ್ಲೇ ಅರ್ಧ ರೋಗನಿರ್ಣಯ ಅಡಗಿದೆ. ಬೆಳಿಗ್ಗೆ 'ಡಿ'ಗೆ ಹಾಕಿದರೆ ಎರಡು ಮೂರು ಸೆಕೆಂಡು ತಡವಾಗಿ ಹಿಡಿಯುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದರೆ ಒಳಗಿನ ರಬ್ಬರ್ ಸೀಲ್‌ಗಳು ವಯಸ್ಸಾಗಿ ಗಡುಸಾಗಿರುವ ಸಾಧ್ಯತೆ ಹೆಚ್ಚು. ಇದರ ತದ್ವಿರುದ್ಧವೂ ಉಂಟು. ತಣ್ಣಗಿದ್ದಾಗ ಚೆನ್ನಾಗಿದ್ದು, ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನಲ್ಲಿ ಕುದಿದ ಮೇಲೆ ಜಾರತೊಡಗಿದರೆ, ತೆಳುವಾದ ಎಣ್ಣೆ ಒಳಗೆಲ್ಲೋ ಸೋರಿ ಒತ್ತಡ ಕಡಿಮೆಯಾಗುತ್ತಿದೆ, ಇಲ್ಲವೇ ಬಿಸಿಗೆ ಸೊಲೆನಾಯ್ಡ್ ಕೈಕೊಡುತ್ತಿದೆ. ಇನ್ನೊಂದು ವಿಚಿತ್ರ ಲಕ್ಷಣವಿದೆ: ಸ್ವಲ್ಪ ದೂರ ಚೆನ್ನಾಗಿ ಓಡಿ, ಕಾರು ಎಳೆಯುವುದನ್ನೇ ಬಿಡುತ್ತದೆ, ರಸ್ತೆ ಬದಿಯಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಟ್ಟಿಕೊಂಡ ಎಣ್ಣೆ ಫಿಲ್ಟರನ್ನು. ಓಡುವಾಗ ಕೊಳೆ ಫಿಲ್ಟರಿಗೆ ಅಂಟಿ ಪಂಪಿನ ಉಸಿರು ಕಟ್ಟುತ್ತದೆ, ನಿಂತಾಗ ಅದು ಕೆಳಗೆ ಬೀಳುತ್ತದೆ.

ಹೆಜ್ಜೆ 2: ಎಣ್ಣೆ ಎಷ್ಟಿದೆ, ಹೇಗಿದೆ

ಈ ಹೆಜ್ಜೆಗೆ ಆತುರ ಬೇಡ. ಇಲ್ಲಿ ಆಗುವ ತಪ್ಪು ಅಳತೆಯಿಂದಲೇ ಎಷ್ಟೋ ಗೇರ್‌ಬಾಕ್ಸ್‌ಗಳು ಸುಮ್ಮನೆ ಕೆಟ್ಟಿವೆ.

ಮೊದಲು ಸರಿಯಾದ ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ಅಳೆಯುವ ಕಡ್ಡಿ) ಹುಡುಕಿ. ಎಂಜಿನ್ ಎಣ್ಣೆಯದ್ದು ಬೇರೆ, ಇದು ಬೇರೆ. ಇಪ್ಪತ್ತು ನಿಮಿಷವಾದರೂ ಓಡಿಸಿ ಎಣ್ಣೆ ಬಿಸಿಯಾಗಲು ಬಿಡಿ. ಡಿಪ್‌ಸ್ಟಿಕ್ ಮೇಲಿನ 'ಹಾಟ್' ಗುರುತು ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹಾಕಿದ್ದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕಿನ ಮೇಲಿಟ್ಟು, ಲಿವರನ್ನು ಪ್ರತಿಯೊಂದು ಸ್ಥಾನಕ್ಕೂ ತಂದು ಎರಡೆರಡು ಸೆಕೆಂಡು ನಿಲ್ಲಿಸಿ ಮತ್ತೆ 'ಪಿ'ಗೆ ತನ್ನಿ. ಒಳಗಿನ ಓಣಿಗಳೆಲ್ಲ ತುಂಬಿಕೊಳ್ಳಲಿ ಎಂದು ಹೀಗೆ.

ಇನ್ನು ಮುಂದಿನದು ಕಾರಿನಿಂದ ಕಾರಿಗೆ ಬೇರೆ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಹಳೆಯ ಹೋಂಡಾಗಳಲ್ಲಿ ಎಂಜಿನ್ ಆರಿಸಿ, ಒಂದು ನಿಮಿಷದ ಆಸುಪಾಸಿನಲ್ಲಿ ಅಳೆಯಬೇಕು. ಇದನ್ನು ಅದಲುಬದಲು ಮಾಡಿದರೆ ಸರಿಯಿರುವ ಮಟ್ಟ ತಪ್ಪಾಗಿ ಕಾಣುತ್ತದೆ. ಮೆಕ್ಯಾನಿಕ್ ಅರ್ಧ ಲೀಟರ್ ಸುರಿಯುತ್ತಾನೆ, ಅಲ್ಲಿಂದ ಹೊಸ ತೊಂದರೆ ಶುರು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಇದನ್ನು ಬರೆದಿರುತ್ತಾರೆ, ನೋಡಿಕೊಳ್ಳಿ. ಕಡ್ಡಿಯನ್ನು ಎಳೆಯಿಲ್ಲದ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಕಾಟನ್ ವೇಸ್ಟ್ ಬೇಡ. ಅದರ ಒಂದು ನೂಲೆಳೆ ವಾಲ್ವ್‌ನಲ್ಲಿ ಸಿಕ್ಕಿಕೊಂಡರೂ ಸಾಕು. ಎರಡೂ ಬದಿ ಬೇರೆ ಬೇರೆ ಮಟ್ಟ ತೋರಿಸಿದರೆ ಕೆಳಗಿನದ್ದೇ ಲೆಕ್ಕ.

ಕಡಿಮೆಯಿದ್ದರೆ ತೊಂದರೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚಿದ್ದರೂ ತೊಂದರೆಯೇ. ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ. ಆಗ ಎಣ್ಣೆ ಕಡಿಮೆಯಾದಾಗ ಕಾಣುವ ಲಕ್ಷಣಗಳೇ ಕಾಣುತ್ತವೆ. ಮತ್ತೆ ಇನ್ನಷ್ಟು ಸುರಿಯುತ್ತಾರೆ!

ಈಗ ಬಣ್ಣ. ಬಿಳಿ ಟಿಶ್ಯೂ ಕಾಗದದ ಮೇಲೆ ಎರಡು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ಕೆಂಪಾಗಿ ಅಥವಾ ತಿಳಿ ಕಂದಾಗಿ ಅಗಲಕ್ಕೆ ಹರಡಿದರೆ ಒಳ್ಳೆಯ ಸುದ್ದಿ. ಗಾಢ ಕಂದು ಬಣ್ಣವಿದ್ದು ವಾಸನೆ ಇಲ್ಲದಿದ್ದರೆ ಎಣ್ಣೆ ಹಳೆಯದು, ಅಷ್ಟೆ. ನಡುವೆ ಕಪ್ಪು ಚುಕ್ಕೆ ಉಳಿದು ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್‌ಗಳ ಹೊದಿಕೆ ಸುಟ್ಟು ಎಣ್ಣೆಗೆ ಬಂದಿದೆ. ಬೆರಳ ತುದಿಯಲ್ಲಿ ಉಜ್ಜಿದಾಗ ಬಿಸಿಲಿಗೆ ಮಿನುಗುವ ಪುಡಿ ಕಂಡರೆ ಅದು ಲೋಹ.

ಇವೆಲ್ಲಕ್ಕಿಂತ ಭಯಪಡಬೇಕಾದದ್ದು ಗುಲಾಬಿ ಬಣ್ಣದ, ಮಿಲ್ಕ್‌ಶೇಕಿನಂಥ ಎಣ್ಣೆ. ನೀರು ಸೇರಿದೆ ಎಂದರ್ಥ. ಹೆಚ್ಚಿನ ಕಾರುಗಳಲ್ಲಿ ಗೇರ್‌ಬಾಕ್ಸ್ ಎಣ್ಣೆ ತಣಿಯುವುದು ರೇಡಿಯೇಟರ್ ಒಳಗಿನ ಒಂದು ಕೊಳವೆಯಲ್ಲಿ. ಆ ಕೊಳವೆ ತೂತಾದರೆ ಕೂಲಂಟ್ ಗೇರ್‌ಬಾಕ್ಸಿಗೆ ಹೋಗುತ್ತದೆ. ಮಳೆಗಾಲದಲ್ಲಿ ಕೆಳಸೇತುವೆಯ ನೀರಿನಲ್ಲಿ ಮುಳುಗಿದ ಕಾರಿಗೂ ಇದೇ ಗತಿ, ಗಾಳಿಗಂಡಿಯ ಮೂಲಕ ನೀರು ನುಗ್ಗಿರುತ್ತದೆ. ಕ್ಲಚ್ ಪ್ಲೇಟ್ ಮೇಲಿನ ಹೊದಿಕೆ ಕಾಗದದ ಜಾತಿಯದ್ದು, ನೀರಿಗೆ ಅದರ ಅಂಟು ಬಿಡುತ್ತದೆ. ಈ ಬಣ್ಣ ಕಂಡ ಮೇಲೆ ಎಂಜಿನ್ ಚಾಲೂ ಮಾಡಬೇಡಿ, "ಗ್ಯಾರೇಜಿನವರೆಗೆ ನಿಧಾನವಾಗಿ ಹೋಗೋಣ" ಎಂಬ ಆಸೆಯೂ ಬೇಡ.

ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳೂ ಇವೆ. ಅವುಗಳಲ್ಲಿ ಕಾರನ್ನು ಸಮತಟ್ಟಾಗಿ ಮೇಲೆತ್ತಿ, ನಿಗದಿತ ಬಿಸಿಯಲ್ಲಿ ಕೆಳಗಿನ ಬಿರಡೆ ತೆರೆದು ಎಣ್ಣೆ ತೊಟ್ಟಿಕ್ಕುವುದನ್ನು ನೋಡಬೇಕು. ಅದನ್ನು ಲಿಫ್ಟ್ ಇರುವ ಗ್ಯಾರೇಜಿನವರು ಮಾಡಲಿ.

ಎಣ್ಣೆ ಬದಲಿಸಬೇಕೇ ಎಂಬ ಹಳೆಯ ಜಗಳಕ್ಕೆ ನನ್ನ ಅಭಿಪ್ರಾಯ ಹೀಗಿದೆ: ಕಾರು ಚೆನ್ನಾಗಿ ಓಡುತ್ತಿದ್ದು ಎಣ್ಣೆ ಮಾತ್ರ ಕಪ್ಪಾಗತೊಡಗಿದ್ದರೆ ಖಂಡಿತ ಬದಲಿಸಿ, ಆದರೆ ಯಂತ್ರದಿಂದ ಒತ್ತಡ ಕೊಟ್ಟು ತೊಳೆಸಬೇಡಿ. ಕೆಳಗಿನ ಬೋಲ್ಟ್ ಬಿಚ್ಚಿ ಇಳಿದಷ್ಟನ್ನೇ ಅಳೆದು ಅಷ್ಟೇ ಹೊಸದನ್ನು ತುಂಬಿ. ಹೀಗೆ ಮಾಡಿದಾಗ ಅರ್ಧಕ್ಕಿಂತ ಕಡಿಮೆ ಎಣ್ಣೆಯೇ ಬದಲಾಗುತ್ತದೆ, ಉಳಿದದ್ದು ಕನ್ವರ್ಟರ್ ಒಳಗಿರುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಎರಡು ಸಲ ಮಾಡಿ. ಈಗಾಗಲೇ ಜಾರುತ್ತಿರುವ, ಸುಟ್ಟ ವಾಸನೆಯ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಔಷಧಿಯಲ್ಲ. ಎಣ್ಣೆಯ ಜಾತಿಯಲ್ಲಿ ರಾಜಿ ಬೇಡ: ಹಳೆಯ ನಾಲ್ಕು ಗೇರ್‌ಗಳ ಹ್ಯುಂಡೈಗೆ ಎಸ್‌ಪಿ-3, ಹೋಂಡಾಗೆ ಹಿಂದೆ ಝಡ್-1, ಅದರ ಜಾಗಕ್ಕೆ ಬಂದ ಡಿಡಬ್ಲ್ಯು-1, ಟೊಯೊಟಾದಲ್ಲಿ ಮಾದರಿಗೆ ತಕ್ಕಂತೆ ಟಿ-4 ಅಥವಾ ಡಬ್ಲ್ಯುಎಸ್. ಟಿ-4 ಮತ್ತು ಡಬ್ಲ್ಯುಎಸ್ ಒಂದರ ಬದಲು ಇನ್ನೊಂದು ಆಗುವುದಿಲ್ಲ. ಸಿವಿಟಿಗೆ ಇವು ಯಾವುವೂ ಅಲ್ಲ.

ಹೆಜ್ಜೆ 3: ಸೋರಿಕೆ

ಈ ಎಣ್ಣೆ ಉರಿದು ಹೋಗುವ ಎಣ್ಣೆಯಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ರಾತ್ರಿ ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿ, ಚಕ್ರಗಳ ಜಾಗವನ್ನು ಅದರ ಮೇಲೆ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿದೆ ಎಂಬುದೇ ದಾರಿ ತೋರಿಸುತ್ತದೆ. ಮುಂದಿನ ಚಕ್ರದ ಒಳಬದಿಗಾದರೆ ಆಕ್ಸಲ್ ಸೀಲ್, ರೇಡಿಯೇಟರ್ ಕೆಳಗಾದರೆ ಕೂಲರ್ ಪೈಪ್, ನಡುವಿನಲ್ಲಾದರೆ ತಳದ ತಟ್ಟೆಯ ಗ್ಯಾಸ್ಕೆಟ್. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಬಂದರೆ ಬಣ್ಣ ನೋಡಿ: ಕಪ್ಪಾದರೆ ಎಂಜಿನ್ನಿನ ಹಿಂದಿನ ಸೀಲ್, ಕೆಂಪಾದರೆ ಗೇರ್‌ಬಾಕ್ಸಿನ ಮುಂದಿನ ಸೀಲ್. ಈ ಎರಡನ್ನು ಬದಲಿಸಲು ಮಾತ್ರ ಗೇರ್‌ಬಾಕ್ಸ್ ಇಳಿಸಲೇಬೇಕು, ಉಳಿದವು ಸಣ್ಣ ಕೆಲಸ. ಪವರ್ ಸ್ಟೀರಿಂಗ್‌ಗೂ ಕೆಂಪು ಎಣ್ಣೆ ಹಾಕುವ ಕಾರುಗಳಿವೆ, ಅದನ್ನೂ ಅಳೆದು ನೋಡಿ ಆಮೇಲೆ ತೀರ್ಮಾನಿಸಿ.

ಹೆಜ್ಜೆ 4: ಗೇರ್‌ಬಾಕ್ಸಿನದಲ್ಲದ ತಪ್ಪುಗಳು

ನನ್ನ ಹಳೆಯ ಸಣ್ಣ ಕಾರು 'ಪಿ'ಯಿಂದ 'ಡಿ'ಗೆ ತಂದಾಗಲೆಲ್ಲ ಹಿಂದಿನಿಂದ ಯಾರೋ ಒದ್ದಂತೆ ಧಡ್ ಎನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ವಾಲ್ವ್ ಬಾಡಿ ಹೋಗಿದೆ ಎಂದರು, ಇನ್ನೊಂದರಲ್ಲಿ ಗೇರ್‌ಬಾಕ್ಸ್ ಪೂರ್ತಿ ಬದಲಿಸಿ ಎಂದರು. ಮೂರನೆಯ ಕಡೆಯ ವಯಸ್ಸಾದ ಮೆಕ್ಯಾನಿಕ್ ಬಾನೆಟ್ ತೆರೆದು ಪಕ್ಕಕ್ಕೆ ನಿಂತು, "ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಡಿ, ಆರ್, ಡಿ, ಆರ್ ಮಾಡಿ" ಎಂದರು. ಎಂಜಿನ್ ಕೋಣೆಯೊಳಗೆ ಕಟ್ಟಿಹಾಕಿದ ಹೋರಿಯಂತೆ ಎಂಜಿನ್ ಆ ಕಡೆ ಈ ಕಡೆ ಎಗರುತ್ತಿತ್ತು. ಮೌಂಟಿನ ರಬ್ಬರ್ ಸೀಳಿಹೋಗಿತ್ತು. ಮೌಂಟ್ ಬದಲಾಯಿತು, ಗೇರ್‌ಬಾಕ್ಸ್ ಇಂದಿಗೂ ಹಳೆಯದೇ.

ಈ ಪರೀಕ್ಷೆಯನ್ನು ಇಬ್ಬರು ಸೇರಿ ಮಾಡಬೇಕು. ಕಾರಿನ ಮುಂದೆ ಯಾರೂ ನಿಲ್ಲಬಾರದು, ನೋಡುವವರು ಬದಿಯಲ್ಲಿರಲಿ. ಎಂಜಿನ್ ಸ್ವಲ್ಪ ವಾಲುವುದು ಸಹಜ, ಎಗರುವುದು ಸಹಜವಲ್ಲ. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗುವ ವೇಗವನ್ನೂ ನೋಡಿ. ಎಂಜಿನ್ ಸಾವಿರ ಆರ್‌ಪಿಎಂಗಿಂತ ಸಾಕಷ್ಟು ಮೇಲೆ ತಿರುಗುತ್ತಿರುವಾಗ 'ಡಿ'ಗೆ ಹಾಕಿದರೆ ಎಂಥ ಹೊಸ ಗೇರ್‌ಬಾಕ್ಸೂ ಜರ್ಕ್ ಹೊಡೆಯುತ್ತದೆ.

ಬ್ಯಾಟರಿಯನ್ನು ಯಾರೂ ಅನುಮಾನಿಸುವುದಿಲ್ಲ. ಸೊಲೆನಾಯ್ಡ್‌ಗಳು ಮತ್ತು ಕಂಪ್ಯೂಟರ್ ಸರಿಯಾದ ವೋಲ್ಟೇಜ್ ಬೇಡುತ್ತವೆ. ಮಲ್ಟಿಮೀಟರ್ ಹಿಡಿದು ನೋಡಿ: ಎಂಜಿನ್ ಆರಿಸಿ ಕೆಲವು ಗಂಟೆ ಕಳೆದ ಮೇಲೆ 12.4 ವೋಲ್ಟ್‌ಗಿಂತ ಹೆಚ್ಚು, ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥ್ ತಂತಿಯ ತುದಿ ತುಕ್ಕು ಹಿಡಿದಿದ್ದರೆ ಉಜ್ಜಿ ಬಿಗಿ ಮಾಡಿ. ಕರಾವಳಿಯ ಕಾರುಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ಲಿವರ್ 'ಪಿ'ಯಿಂದ ಹೊರಗೇ ಬರುತ್ತಿಲ್ಲವೇ? ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹೊತ್ತುತ್ತದೆಯೇ ನೋಡಿ. ಹೊತ್ತದಿದ್ದರೆ ಪೆಡಲ್ ಮೇಲಿನ ಸಣ್ಣ ಸ್ವಿಚ್ಚೋ ಫ್ಯೂಸೋ ಹೋಗಿದೆ. ಹೆಚ್ಚಿನ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಪುಟ್ಟ ಮುಚ್ಚಳವಿದೆ. ಅದನ್ನು ತೆಗೆದು, ಬ್ರೇಕ್ ಒತ್ತಿಕೊಂಡು, ಕೀಲಿಯ ತುದಿಯಿಂದ ಒಳಗೆ ಒತ್ತಿದರೆ ಲಿವರ್ ಬಿಡುತ್ತದೆ. ಸದ್ಯಕ್ಕೆ ಮನೆ ಸೇರಲು ಇಷ್ಟು ಸಾಕು. 'ಪಿ'ಯಲ್ಲಿ ಸ್ಟಾರ್ಟ್ ಆಗದೆ 'ಎನ್'ನಲ್ಲಿ ಮಾತ್ರ ಆಗುತ್ತಿದ್ದರೆ, ಅಥವಾ ಲಿವರ್ 'ಡಿ'ಯಲ್ಲಿದ್ದರೂ ಡ್ಯಾಶ್‌ಬೋರ್ಡ್ ಬೇರೇನೋ ತೋರಿಸುತ್ತಿದ್ದರೆ, ಲಿವರಿನ ಕೇಬಲ್ ಸಡಿಲವಾಗಿದೆ ಇಲ್ಲವೇ ಸ್ಥಾನ ತಿಳಿಸುವ ಸ್ವಿಚ್ ಜರುಗಿದೆ. ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಪುಡಿಯಾಗುವುದು ಹಳೆಯ ಕಾರುಗಳ ಮಾಮೂಲಿ ಕಾಯಿಲೆ.

ಹೆಜ್ಜೆ 5: ಸ್ಕ್ಯಾನರ್ ಹೇಳುವುದು ಮತ್ತು ಹೇಳದಿರುವುದು

ಸ್ಟೀರಿಂಗ್ ಕೆಳಗೆ ಹದಿನಾರು ತೂತುಗಳ ಸಾಕೆಟ್ ಇದ್ದರೆ, ಆನ್‌ಲೈನ್‌ನಲ್ಲಿ ಸಿಗುವ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲ್‌ನಲ್ಲೇ ಕೋಡ್ ಓದಬಹುದು. ಅಗ್ಗದ ಕೆಲವು ಸ್ಕ್ಯಾನರ್‌ಗಳು ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಗೇರ್‌ಬಾಕ್ಸಿನದ್ದನ್ನು ಓದುತ್ತದೆಯೇ ಎಂದು ಕೇಳಿ ಕೊಳ್ಳಿ. ಇನ್ನೂ ಹಳೆಯ ಕಾರುಗಳಲ್ಲಿ ದೀಪವೇ ಸುದ್ದಿ ಹೇಳುತ್ತದೆ: ಹಳೆಯ ಹೋಂಡಾದಲ್ಲಿ 'ಡಿ' ದೀಪ, ಹಳೆಯ ಟೊಯೊಟಾದಲ್ಲಿ 'ಓಡಿ ಆಫ್' (O/D OFF) ದೀಪ ತಾನಾಗಿ ಮಿನುಗತೊಡಗಿದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಏನನ್ನೋ ದಾಖಲಿಸಿಕೊಂಡಿದೆ.

ಪಿ0700 ಎಂಬ ಕೋಡ್ ಒಂದನ್ನೇ ನೋಡಿ ಯಾರೂ ಏನನ್ನೂ ಹೇಳಲಾಗದು. "ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಒಂದು ದೂರು ಇದೆ" ಎಂಬುದಷ್ಟೇ ಅದರ ಅರ್ಥ. ದೂರು ಏನೆಂಬುದು ಪಕ್ಕದ ಕೋಡ್‌ನಲ್ಲಿರುತ್ತದೆ. ಪಿ0705 ಲಿವರ್ ಸ್ಥಾನದ ಸ್ವಿಚ್. ಪಿ0710 ಎಣ್ಣೆಯ ಬಿಸಿ ಅಳೆಯುವ ಸೆನ್ಸರ್. ಪಿ0715 ಒಳಬರುವ ವೇಗದ ಸೆನ್ಸರ್, ಪಿ0720 ಹೊರಹೋಗುವ ವೇಗದ್ದು. ಪಿ0750ರಿಂದ ಆಚೆಗೆ ಗೇರ್ ಬದಲಿಸುವ ಸೊಲೆನಾಯ್ಡ್‌ಗಳ ಸಾಲು. ಪಿ0740, ಪಿ0741 ಓಟದಲ್ಲಿ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬೆಸೆಯುವ, ಅಂದರೆ ಕನ್ವರ್ಟರನ್ನು ಲಾಕ್ ಮಾಡುವ ಕ್ಲಚ್. ಇವುಗಳಲ್ಲಿ ಸೆನ್ಸರ್, ಸ್ವಿಚ್, ತಂತಿಯ ಕೋಡ್ ಬಂದರೆ ಸಮಾಧಾನಪಡಿ, ಅವುಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸ್ ಇಳಿಸದೆಯೇ ಸರಿಪಡಿಸುವಂಥವು. ಪಿ0730, ಅಂದರೆ ಕಂಪ್ಯೂಟರ್ ಕೇಳಿದ ಗೇರ್ ಒಂದು, ಸಿಕ್ಕ ಅನುಪಾತ ಇನ್ನೊಂದು ಎಂಬ ಕೋಡ್ ಬಂದು, ಎಣ್ಣೆಯ ಮಟ್ಟವೂ ಸರಿಯಿದ್ದರೆ, ಕ್ಲಚ್ ಜಾರುತ್ತಿರುವ ಅನುಮಾನ ಗಟ್ಟಿಯಾಗುತ್ತದೆ.

ಕೋಡ್ ಬಂದ ಭಾಗವೇ ಕೆಟ್ಟಿದೆ ಎಂದು ನೇರವಾಗಿ ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡಬೇಡಿ. ಸೊಲೆನಾಯ್ಡ್ ಕೋಡ್ ಬಂದರೆ ಅದರ ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯೇ, ಇಲಿ ತಂತಿ ಕಡಿದಿದೆಯೇ ನೋಡಿ, ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯಿರಿ. ಕೋಡ್ ಬರೆದುಕೊಂಡು ಅಳಿಸಿ, ಒಂದು ವಾರ ಓಡಿಸಿ. ಮತ್ತೆ ಬಂದ ಕೋಡ್ ಮಾತ್ರ ಲೆಕ್ಕಕ್ಕೆ.

ಕಾರು ಒಂದೇ ಗೇರ್‌ನಲ್ಲಿ, ಹೆಚ್ಚಾಗಿ ಮೂರನೆಯದರಲ್ಲಿ, ಅಂಟಿಕೊಂಡು ಆಮೆಯಂತೆ ಹೊರಡುತ್ತಿದ್ದರೆ ಗಾಬರಿಯಾಗಬೇಡಿ. ತಪ್ಪು ಕಂಡ ಕಂಪ್ಯೂಟರ್ ತಾನೇ ಆರಿಸಿಕೊಂಡ ರಕ್ಷಣೆಯ ಸ್ಥಿತಿ ಅದು.

ಹೆಜ್ಜೆ 6: ರಸ್ತೆಯಲ್ಲಿ

ಖಾಲಿ ರಸ್ತೆ ಆರಿಸಿಕೊಳ್ಳಿ. ಆರ್‌ಪಿಎಂ ಮುಳ್ಳನ್ನು ಪಕ್ಕದಲ್ಲಿ ಕುಳಿತವರು ನೋಡಿ ಬರೆಯಲಿ, ನೀವು ರಸ್ತೆ ನೋಡಿ. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ನಿಂತಲ್ಲಿಂದ 80ರವರೆಗೆ ಹೋಗಿ. ಗೇರ್ ಬದಲಾದಾಗಲೆಲ್ಲ ಮುಳ್ಳು ಇಳಿಯಬೇಕು. ಇಳಿಯುವ ಮೊದಲು ಒಮ್ಮೆ ಮೇಲೆ ಹಾರಿ ಆಮೇಲೆ ಇಳಿದರೆ ಆ ಗೇರ್‌ನ ಕ್ಲಚ್ ಜಾರುತ್ತಿದೆ. ಎಲ್ಲ ಬದಲಾವಣೆಯಲ್ಲೂ ಹಾರಿದರೆ ಒಟ್ಟು ಒತ್ತಡವೇ ಕಡಿಮೆ: ಎಣ್ಣೆ, ಫಿಲ್ಟರ್, ಪಂಪ್. ಒಂದೇ ಬದಲಾವಣೆಯಲ್ಲಿ ಹಾರಿದರೆ ಆ ಒಂದು ಕ್ಲಚ್ ಅಥವಾ ಅದರ ಸೊಲೆನಾಯ್ಡ್.

ಬಿಸಿಯಾದ ಕಾರು 60ರಿಂದ 80ರ ನಡುವೆ ಒಂದೇ ವೇಗದಲ್ಲಿ ಸಾಗುವಾಗ, ಗೇರ್ ಬದಲಾಗದಿದ್ದರೂ ಮುಳ್ಳು ಇನ್ನೂ ಇನ್ನೂರು ಮುನ್ನೂರು ಇಳಿಯುತ್ತದೆ. ಕನ್ವರ್ಟರ್ ಲಾಕ್ ಆದ ಗುರುತು ಅದು. ಈ ಹೊತ್ತಿನಲ್ಲೇ ಕೆಲವು ಕಾರುಗಳು ರಸ್ತೆಯಲ್ಲಿ ಸಾಲು ಗೆರೆಗಳ ಮೇಲೆ ಹೋದಂತೆ ನಡುಗುತ್ತವೆ. ನಡುಕ ಕನ್ವರ್ಟರಿನದೋ, ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟು ಎಂಜಿನ್ ತಪ್ಪಿ ಉರಿಯುತ್ತಿರುವುದೋ? ಆಕ್ಸಿಲರೇಟರ್ ಹಾಗೆಯೇ ಇಟ್ಟು, ಹಿಂದೆ ವಾಹನವಿಲ್ಲವೆಂದು ಖಚಿತಪಡಿಸಿಕೊಂಡು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸ್ವಿಚ್ ಸುದ್ದಿ ಕೊಟ್ಟ ತಕ್ಷಣ ಲಾಕ್ ಬಿಡುತ್ತದೆ. ನಡುಕ ಆ ಕ್ಷಣವೇ ನಿಂತರೆ ಕನ್ವರ್ಟರ್ ಕ್ಲಚ್ ಅಥವಾ ಹಳಸಿದ ಎಣ್ಣೆ. ನಿಲ್ಲದಿದ್ದರೆ ಎಂಜಿನ್ ಕಡೆ ನೋಡಿ. ಖರ್ಚಿಲ್ಲದ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು.

ನಿಂತಲ್ಲಿಂದ ಹೊರಡಲು ಒದ್ದಾಡಿ, ಹೆದ್ದಾರಿಯಲ್ಲಿ ಮಾತ್ರ ಸಲೀಸಾಗಿ ಓಡಿದರೆ ಕನ್ವರ್ಟರ್ ಒಳಗೆ ಎಣ್ಣೆಯ ಹರಿವನ್ನು ತಿರುಗಿಸುವ ಸ್ಟೇಟರ್ ಎಂಬ ಚಕ್ರವನ್ನು ಒಂದು ದಿಕ್ಕಿಗೆ ಮಾತ್ರ ತಿರುಗಲು ಬಿಡುವ ಕ್ಲಚ್ ಹಿಡಿಯುತ್ತಿಲ್ಲ. ಹೊರಡುವುದು ಚೆನ್ನಾಗಿದ್ದು, ಆಮೇಲೆ ವೇಗ ಏರದೆ ಎಣ್ಣೆ ವಿಪರೀತ ಕಾಯ್ದರೆ ಅದು ಕಚ್ಚಿಕೊಂಡಿದೆ. ಎರಡನೆಯದನ್ನು ಹೇಳುವ ಮುನ್ನ ಸೈಲೆನ್ಸರ್ ಕಟ್ಟಿಕೊಂಡಿಲ್ಲ, ಬ್ರೇಕ್ ಅಂಟಿಕೊಂಡಿಲ್ಲ ಎಂದು ನೋಡಿಕೊಳ್ಳಿ.

ಏರಿನ ಪರೀಕ್ಷೆಗೆಂದು ಚಾರ್ಮಾಡಿ ಘಾಟಿಗೆ ಹೋಗುವ ಸಾಹಸ ಬೇಡ. ಜಾರುವ ಗೇರ್‌ಬಾಕ್ಸನ್ನು ಘಾಟಿ ಹತ್ತಿಸಿದರೆ ಇನ್ನೂ ಕೆಲವು ತಿಂಗಳು ಬಾಳುವ ಕ್ಲಚ್ ಅಲ್ಲೇ ಸುಡುತ್ತದೆ. ಮನೆ ಹತ್ತಿರದ ಫ್ಲೈಓವರ್ ಸಾಕು.

ಹೆಜ್ಜೆ 7: ನಿಂತಲ್ಲೇ ಎರಡು ಪರೀಕ್ಷೆ

ಒಂದು, ತಡವಾಗುವ ಹೊತ್ತು. ಎಂಜಿನ್ ಬಿಸಿ, ಬ್ರೇಕ್ ಗಟ್ಟಿ, ಐಡ್ಲಿಂಗ್ ಸರಿ. 'ಎನ್'ನಿಂದ 'ಡಿ'ಗೆ ತಂದು, ಹಿಡಿದ ಅನುಭವ ಆಗುವವರೆಗಿನ ಹೊತ್ತನ್ನು ಮೊಬೈಲ್‌ನಲ್ಲಿ ಅಳೆಯಿರಿ. ಒಂದು ನಿಮಿಷ ಬಿಟ್ಟು ಮತ್ತೆ, ಹೀಗೆ ಮೂರು ಸಲ. 'ಡಿ'ಗೆ 1.2 ಸೆಕೆಂಡ್, 'ಆರ್'ಗೆ 1.5 ಸೆಕೆಂಡ್ ಒಳಗಿರಬೇಕು ಎಂಬುದು ಟೊಯೊಟಾ ಕೈಪಿಡಿಗಳ ಅಳತೆ. ಬೇರೆ ಕಾರುಗಳಿಗೂ ಇದನ್ನು ಸ್ಥೂಲವಾಗಿ ಬಳಸಬಹುದು. ಎರಡೂ ತಡವಾದರೆ ಒಟ್ಟು ಒತ್ತಡ ಕಡಿಮೆ. ಒಂದೇ ತಡವಾದರೆ ಆ ಬದಿಯ ಕ್ಲಚ್ ಅಥವಾ ಸೀಲ್.

ಇನ್ನೊಂದು ಸ್ಟಾಲ್ ಪರೀಕ್ಷೆ. ನಾಲ್ಕೂ ಚಕ್ರಗಳಿಗೆ ಅಡ್ಡ ಕೊಟ್ಟು, ಎರಡೂ ಬ್ರೇಕ್ ಹಾಕಿ, 'ಡಿ'ಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಐದು ಸೆಕೆಂಡು ಮೀರಬಾರದು, ಮತ್ತೆ ಮಾಡುವ ಮೊದಲು 'ಎನ್'ನಲ್ಲಿ ಒಂದೆರಡು ನಿಮಿಷ ತಣಿಸಬೇಕು. ಕೈಪಿಡಿಯ ಅಂಕಿಗಿಂತ 'ಡಿ' ಮತ್ತು 'ಆರ್' ಎರಡರಲ್ಲೂ ಹೆಚ್ಚಾದರೆ ಒತ್ತಡ ಕಡಿಮೆ, 'ಡಿ'ಯಲ್ಲಿ ಮಾತ್ರವಾದರೆ ಮುಂದಕ್ಕೆ ಎಳೆಯುವ ಕ್ಲಚ್, 'ಆರ್'ನಲ್ಲಿ ಮಾತ್ರವಾದರೆ ರಿವರ್ಸ್‌ನದು. ತೀರ ಕಡಿಮೆಯಾದರೆ ಎಂಜಿನ್ ಸೋತಿದೆ ಇಲ್ಲವೇ ಸ್ಟೇಟರ್ ಜಾರುತ್ತಿದೆ. ಇದನ್ನು ತಿಳಿವಳಿಕೆಗಾಗಿ ಬರೆದೆ, ಮನೆಯ ಅಂಗಳದಲ್ಲಿ ನೀವು ಮಾಡಲಿ ಎಂದಲ್ಲ. ಹದಿನೈದು ವರ್ಷದ ಕಾರಿನ ಬ್ರೇಕನ್ನೂ ಮೌಂಟನ್ನೂ ಅಷ್ಟು ನಂಬುವಂತಿಲ್ಲ. ಒತ್ತಡ ಅಳೆಯುವ ಗೇಜ್ ಇರುವ ಗ್ಯಾರೇಜಿನಲ್ಲಿ ನೇರವಾಗಿ ಒತ್ತಡವನ್ನೇ ಅಳೆಸಿದರೆ ಈ ಹಿಂಸೆಯೇ ಬೇಕಿಲ್ಲ.

ಸದ್ದುಗಳ ಬಗ್ಗೆ ಎರಡು ಮಾತು. 'ಪಿ'ಯಲ್ಲೂ 'ಡಿ'ಯಲ್ಲೂ ಎಂಜಿನ್ ಜೊತೆಗೇ ಏರಿಳಿಯುವ ಸಿಳ್ಳೆ ಪಂಪಿನದು, ಎಣ್ಣೆ ಕಡಿಮೆಯಾದರೂ ಬರುತ್ತದೆ. 'ಎನ್'ನಲ್ಲಿ ಇಲ್ಲದೆ, ಬ್ರೇಕ್ ಒತ್ತಿ 'ಡಿ'ಯಲ್ಲಿ ನಿಂತಾಗ ಮಾತ್ರ ಬರುವ ಕರಕರ ಕನ್ವರ್ಟರಿನದು. ಐಡ್ಲಿಂಗ್‌ನಲ್ಲಿ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂತಿದ್ದರೆ ಕನ್ವರ್ಟರ್ ಕೂರುವ ತೆಳು ತಟ್ಟೆ ಬಿರುಕು ಬಿಟ್ಟಿರಬಹುದು, ಬೋಲ್ಟ್ ಸಡಿಲವಾಗಿರಬಹುದು. ಕಾರಿನ ವೇಗದ ಜೊತೆ ಮಾತ್ರ ಏರುವ ಗುಂಯ್ ಸದ್ದಿಗೆ ಮೊದಲು ಚಕ್ರದ ಬೇರಿಂಗ್ ನೋಡಿ.

ಹೆಜ್ಜೆ 8: ತಳದ ತಟ್ಟೆ ಬಿಚ್ಚಿಸಿ, ಎದುರಿಗೇ ನಿಂತು ನೋಡಿ

ಇಷ್ಟಾದ ಮೇಲೂ ಅನುಮಾನ ಒಳಗೇ ಉಳಿದರೆ ಗೇರ್‌ಬಾಕ್ಸ್ ಇಳಿಸುವ ಮೊದಲು ಇನ್ನೊಂದು ಮೆಟ್ಟಿಲಿದೆ. ತಳದಲ್ಲಿ ತಟ್ಟೆ ಇರುವ ಗೇರ್‌ಬಾಕ್ಸ್‌ಗಳಲ್ಲಿ ಅದನ್ನು ಬಿಚ್ಚಿದರೆ ಒಳಗೆ ಸಣ್ಣ ಅಯಸ್ಕಾಂತಗಳು ಕಾಣುತ್ತವೆ. ಹಳೆಯ ಹೋಂಡಾಗಳಲ್ಲಿ ಈ ತಟ್ಟೆ ಇಲ್ಲ, ಎಣ್ಣೆ ಇಳಿಸುವ ಬೋಲ್ಟಿನ ತುದಿಯಲ್ಲೇ ಅಯಸ್ಕಾಂತವಿದೆ. ಅದರ ಮೇಲೆ ಬೂದಿ ಬಣ್ಣದ ನುಣುಪಾದ ಅಂಟು ಪದರವಿದ್ದರೆ ಸಹಜ ಸವೆತ. ಉಗುರಿಗೆ ಸಿಗುವ ಚೂರು, ಮುರಿದ ತುಂಡು, ಅಥವಾ ತಟ್ಟೆಯ ತುಂಬ ಕಪ್ಪು ರವೆಯಂಥ ಪುಡಿ ಇದ್ದರೆ ಒಳಗೆ ಭಾಗಗಳು ಕಳಚುತ್ತಿವೆ. ಫೋಟೋ ತೆಗೆದುಕೊಳ್ಳಿ, ಎರಡನೆಯ ಅಭಿಪ್ರಾಯಕ್ಕೆ ಅದೇ ಸಾಕ್ಷಿ.

ಓಡದ ಕಾರನ್ನು ಗ್ಯಾರೇಜಿಗೆ ಸಾಗಿಸುವಾಗ ಮುಂದಿನ ಚಕ್ರಗಳು ನೆಲದ ಮೇಲೆ ಉರುಳುವಂತೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಪಂಪ್ ತಿರುಗುವುದಿಲ್ಲ, ಎಣ್ಣೆ ಸಿಗದ ಗೇರ್‌ಗಳು ಒಣಗಿ ಉಜ್ಜುತ್ತವೆ. ಪೂರ್ತಿ ಕಾರನ್ನು ಹೊರುವ ಲಾರಿ ತರಿಸಿ. ತಳ್ಳಿ ಸ್ಟಾರ್ಟ್ ಮಾಡುವ ಪ್ರಶ್ನೆ ಈ ಕಾರುಗಳಲ್ಲಿ ಇಲ್ಲವೇ ಇಲ್ಲ.

ಇಳಿಸಲೇಬೇಕೆಂದು ತೀರ್ಮಾನವಾದರೆ ಗ್ಯಾರೇಜಿನವರಿಗೆ ಮೂರು ಪ್ರಶ್ನೆ ಕೇಳಿ. ಇದೇ ಜಾತಿಯ ಗೇರ್‌ಬಾಕ್ಸನ್ನು ಹಿಂದೆ ಬಿಚ್ಚಿ ಕಟ್ಟಿದ್ದೀರಾ? ಕ್ಲಚ್ ಪ್ಲೇಟ್, ಸೀಲ್ ಕಿಟ್ ಈಗಲೇ ಸಿಗುತ್ತದೆಯೇ, ಇಲ್ಲ ಕಾರು ಬಿಚ್ಚಿಟ್ಟ ಮೇಲೆ ಹುಡುಕುವಿರಾ? ಕನ್ವರ್ಟರ್ ಮತ್ತು ಎಣ್ಣೆ ಕೂಲರ್ ಏನು ಮಾಡುವಿರಿ? ಮೂರನೆಯದು ಮುಖ್ಯ. ಹಳೆಯ ಗೇರ್‌ಬಾಕ್ಸಿನ ಲೋಹದ ಪುಡಿ ಈ ಎರಡರಲ್ಲೂ ಕುಳಿತಿರುತ್ತದೆ. ಇವನ್ನು ತೊಳೆಯದೆ ಹೊಸದಾಗಿ ಕಟ್ಟಿದ ಗೇರ್‌ಬಾಕ್ಸ್ ಜೋಡಿಸಿದರೆ ಆ ಪುಡಿ ಅದರೊಳಗೇ ಹೋಗುತ್ತದೆ.

ಶಿವಾಜಿನಗರದ ಗುಜರಿಯಲ್ಲೋ ಬೇರೆ ಊರಿನಲ್ಲೋ ಹಳೆಯ ಗೇರ್‌ಬಾಕ್ಸ್ ತರುವುದಾದರೆ ಮಾದರಿಯ ಹೆಸರನ್ನಷ್ಟೇ ನೋಡಿ ಕೊಳ್ಳಬೇಡಿ, ಕವಚದ ಮೇಲಿನ ಸಂಖ್ಯೆ ನಿಮ್ಮದಕ್ಕೆ ಹೊಂದಬೇಕು. ಡ್ರೈನ್ ಬೋಲ್ಟ್ ಅಂಗಡಿಯಲ್ಲೇ ಬಿಚ್ಚಿಸಿ, ಒಳಗುಳಿದ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಬಿಡಿ. ಸುಟ್ಟ ವಾಸನೆ ಬಂದರೆ, ಅಥವಾ ಬೋಲ್ಟ್ ಬಿಚ್ಚಲು ಅಂಗಡಿಯವರು ಒಪ್ಪದಿದ್ದರೆ, ಮುಂದಿನ ಅಂಗಡಿಗೆ ಹೋಗಿ. ಮುಂದಿನ ಸೀಲ್, ಆಕ್ಸಲ್ ಸೀಲ್ ಮತ್ತು ಫಿಲ್ಟರನ್ನು ಜೋಡಿಸುವ ಮೊದಲೇ ಬದಲಿಸಿಬಿಡಿ. ಆಗ ಅದು ಕೆಲವೇ ನಿಮಿಷಗಳ ಕೆಲಸ, ಮುಂದಿನ ಸೀಲಿಗಾಗಿ ಆಮೇಲೆ ಗೇರ್‌ಬಾಕ್ಸನ್ನು ಮತ್ತೊಮ್ಮೆ ಪೂರ್ತಿ ಇಳಿಸಬೇಕಾಗುತ್ತದೆ.